ಇಪ್ಪತ್ತೈದೂ ಒಂದೇ ಹದದಲ್ಲಿರಬೇಕು

ಹೊಸ ಪೆಟ್ಟಿಗೆ ಬಂದಾಗ ನಾನು ಮೊದಲು ನೋಡುವುದು ಸಿಗಾರಿನ ಬುಡವನ್ನು, ಅಂದರೆ ಬೆಂಕಿ ಹಚ್ಚುವ ತುದಿಯನ್ನು. ಮೈಗೆ ಸುತ್ತಿದ ಹೊಂಬಣ್ಣದ ಪಟ್ಟಿ ಯಾವ ಕಂಪನಿಯದ್ದೆಂಬುದು ಬಿಲ್ಲಿನಲ್ಲೇ ಇರುತ್ತದೆ. ಒಳಗೇನಿದೆ ಎಂಬುದು ಬುಡದಲ್ಲಿ ಮಾತ್ರ ಕಾಣುತ್ತದೆ. ಎಲೆಗಳು ಮಡಿಕೆ ಮಡಿಕೆಯಾಗಿ, ನಡುವೆ ಸಣ್ಣ ಗಾಳಿದಾರಿ ಬಿಟ್ಟುಕೊಂಡು ಉದ್ದಕ್ಕೂ ಸಾಗಿರಬೇಕು. ಬೆರಳು ತಾಗಿದರೆ ಪುಡಿ ಉದುರುವ ಚೂರುಗಳಾದರೆ ಅದನ್ನು ಬೇರೆಯೇ ಅಟ್ಟದಲ್ಲಿ ಇಡುತ್ತೇನೆ.

ದುಬೈನ ಹೋಟೆಲೊಂದರ ಸಿಗಾರ್ ಕೋಣೆಯ ಉಸ್ತುವಾರಿ ನನ್ನದು. ಖರೀದಿ, ತಪಾಸಣೆ, ಕಾಪಿಡುವುದು, ಗಿರಾಕಿಗೆ ಆರಿಸಿಕೊಡುವುದು ಎಲ್ಲವನ್ನೂ ನಾನೇ ಮಾಡುತ್ತೇನೆ, ಸೇದುವುದನ್ನು ಬಿಟ್ಟು. ಇದನ್ನು ಕೇಳಿದ ಗಿರಾಕಿಗಳು ನಗುತ್ತಾರೆ, ನಗಲಿ. ರುಚಿಯ ವರದಿ ಅವರಿಂದ ದಿನವೂ ಸಿಗುತ್ತದೆ. ಉಳಿದದ್ದನ್ನು ಕೈ, ಕಣ್ಣು, ಮೂಗು ಹೇಳುತ್ತವೆ.

‘ಪ್ರೀಮಿಯಂ’ ಎಂಬುದನ್ನು ಈಗ ಪೆಟ್ರೋಲ್ ಬಂಕಿನಲ್ಲಿ ಸಿಗುವ ಸಿಗಾರಿನ ಮೇಲೂ ಅಚ್ಚು ಹಾಕುತ್ತಾರೆ. ಅದಕ್ಕೊಂದು ಬಿಗಿಯಾದ ಅರ್ಥ ಬೇಕೆಂದಾಗ ನಾನು ಅಮೆರಿಕದ ನ್ಯಾಯಾಲಯದ ಅಳತೆಗೋಲನ್ನು ಬಳಸುತ್ತೇನೆ. ತಂಬಾಕು ನಿಯಂತ್ರಣದ ವ್ಯಾಜ್ಯವೊಂದರಲ್ಲಿ 2023ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಪ್ರೀಮಿಯಂ ಸಿಗಾರನ್ನು ಹೀಗೆ ಗುರುತಿಸಿತು: ಹೊರಹೊದಿಕೆ ಇಡೀ ತಂಬಾಕಿನ ಎಲೆಯಾಗಿರಬೇಕು, ಅದರೊಳಗೆ ಹೂರಣವನ್ನು ಬಿಗಿದು ಹಿಡಿಯುವ ಕಟ್ಟೆಲೆಯೂ ಪೂರ್ತಿ ಎಲೆಯದ್ದೇ ಆಗಿರಬೇಕು, ಒಳಹೂರಣದ ತೂಕದಲ್ಲಿ ಕನಿಷ್ಠ ಅರ್ಧದಷ್ಟು ಉದ್ದೆಲೆ, ಅಂದರೆ ಸಿಗಾರಿನ ಉದ್ದಕ್ಕೂ ಸಾಗುವ ಎಲೆ, ಇರಬೇಕು, ಕೈಯಲ್ಲಿ ಸುತ್ತಿರಬೇಕು, ಫಿಲ್ಟರ್ ಆಗಲಿ ಬೇರೆ ವಸ್ತುವಿನ ಬಾಯಿತುದಿಯಾಗಲಿ ಇರಬಾರದು, ತಂಬಾಕಿನದಲ್ಲದೆ ಬೇರೆ ಸುವಾಸನೆ ಸೇರಿಸಿರಬಾರದು. ತಂಬಾಕು, ನೀರು, ಸಸ್ಯಜನ್ಯ ಅಂಟು ಇಷ್ಟರ ಹೊರತು ಏನೂ ಸಲ್ಲದು. ಸಾವಿರ ಸಿಗಾರಿನ ತೂಕ 6 ಪೌಂಡಿಗಿಂತ ಹೆಚ್ಚಿರಬೇಕೆಂಬ ಷರತ್ತೂ ಇದೆ. ವೆನಿಲ್ಲಾ, ಚೆರ್ರಿ ಪರಿಮಳದ ಸಿಗಾರುಗಳೆಲ್ಲ ಇಲ್ಲೇ ಹೊರಬೀಳುತ್ತವೆ.

ಇದು ಬಾಗಿಲು ದಾಟಲು ಬೇಕಾದ ಅರ್ಹತೆ ಮಾತ್ರ. ಕೈಯಲ್ಲಿ ಸುತ್ತಿದ್ದೆಲ್ಲ ಉತ್ತಮವಲ್ಲ. ಕ್ಯೂಬಾದ ಪೆಟ್ಟಿಗೆಗಳ ಅಡಿಯಲ್ಲಿ ‘ಟೊಟಾಲ್ಮೆಂಟೆ ಅ ಮಾನೊ’, ಪೂರ್ತಿ ಕೈಯಿಂದ ಮಾಡಿದ್ದು, ಎಂದು ಬರೆದಿರುತ್ತದೆ. ಕೆಲವು ಅಗ್ಗದ ಬಗೆಗಳಲ್ಲಿ, ಉದಾಹರಣೆಗೆ ಹೋಸೆ ಎಲ್. ಪಿಯೆದ್ರಾದಲ್ಲಿ, ಅದರ ಪಕ್ಕದಲ್ಲೇ ‘ತ್ರೀಪಾ ಕೋರ್ತಾ’ ಎಂದೂ ಇರುತ್ತದೆ. ಒಳಗಿರುವುದು ತುಂಡೆಲೆ ಎಂದು ಅವರೇ ಒಪ್ಪಿಕೊಂಡಂತೆ. ನನಗೆ ಆ ಪ್ರಾಮಾಣಿಕತೆ ಇಷ್ಟ.

ನಿಜವಾದ ಕೆಲಸ ನಡೆದಿರುವುದು ಎಲೆಯಲ್ಲಿ. ಒಂದೇ ಗಿಡದ ಬುಡದ ಎಲೆ ತೆಳು, ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ಅದನ್ನು ವೊಲಾಡೊ ಎನ್ನುತ್ತಾರೆ. ನಡುವಿನ ಸೆಕೊ ಪರಿಮಳಕ್ಕೆ. ತುದಿಯ ಬಳಿಯ ಲಿಗೇರೊ ಬಿಸಿಲುಂಡು ದಪ್ಪನಾದದ್ದು, ಖಾರವಾದದ್ದು, ನಿಧಾನವಾಗಿ ಉರಿಯುವಂಥದ್ದು. ಆದ್ದರಿಂದಲೇ ಸುತ್ತುವವರು ಅದನ್ನು ನಟ್ಟನಡುವೆ ಇಡುತ್ತಾರೆ. ಅಂಚಿಗೆ ಸರಿದರೆ ಸಿಗಾರ್ ಒಂದು ಬದಿಯಲ್ಲಿ ಉರಿದು ಇನ್ನೊಂದು ಬದಿಯಲ್ಲಿ ಉಳಿಯುತ್ತದೆ. ಹೊರ ಎಲೆಯ ಬೇಸಾಯವೇ ಬೇರೆ: ಕ್ಯೂಬಾದ ಪಿನಾರ್ ದೆಲ್ ರಿಯೊದಲ್ಲಿ ಬಟ್ಟೆಯ ಚಪ್ಪರದಡಿ ಬೆಳೆಯುತ್ತಾರೆ, ಇಕ್ವೆಡಾರಿನಲ್ಲಿ ಮೋಡವೇ ಆ ನೆರಳನ್ನು ಕೊಡುತ್ತದೆ.

ಊರಿಗೆ ಹೋದಾಗ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ನಿಮ್ಮಲ್ಲಿಗೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಅದು ವರ್ಜೀನಿಯಾ ತಂಬಾಕು. ಬ್ಯಾರನ್‌ನಲ್ಲಿ ಬಿಸಿಗಾಳಿ ಕೊಟ್ಟು ಕೆಲವೇ ದಿನಗಳಲ್ಲಿ ಬೇಯಿಸಿ, ಹಳದಿ ಬಣ್ಣವನ್ನೂ ಸಿಹಿಯನ್ನೂ ಹಿಡಿದಿಟ್ಟದ್ದು, ಸಿಗರೇಟಿಗೆ ಹೋಗುವಂಥದ್ದು. ಸಿಗಾರಿನ ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಕಂದುಬಣ್ಣ ಬರುವವರೆಗೆ ಒಣಗಿಸುತ್ತಾರೆ. ಆಮೇಲೆ ತೇವ ಮಾಡಿ ಆಳೆತ್ತರದ ರಾಶಿ ಹಾಕುತ್ತಾರೆ. ಗೊಬ್ಬರದ ಗುಂಡಿಯ ಹಾಗೆ ರಾಶಿಯ ಒಡಲು ತಾನಾಗಿ ಕಾಯುತ್ತದೆ. ಕಾವು ಮಿತಿ ಮೀರುವ ಮೊದಲು ರಾಶಿ ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಈ ಹುದುಗಿನಲ್ಲಿ ಅಮೋನಿಯಾ ಹೊರಟುಹೋಗುತ್ತದೆ, ಒಗರು ಇಳಿಯುತ್ತದೆ. 1966ರಲ್ಲಿ ಹುಟ್ಟಿದ ಕ್ಯೂಬಾದ ಬ್ರ್ಯಾಂಡ್ ಕೊಹಿಬಾದ ಹೆಸರು ನಿಂತಿರುವುದು ಅದರ ಸೆಕೊ, ಲಿಗೇರೊ ಎಲೆಗಳಿಗೆ ಕೊಡುವ ಮೂರನೆಯ ಹುದುಗಿನ ಮೇಲೆ. ಅವಸರದಲ್ಲಿ ಹುದುಗಿಸಿದ ಎಲೆಯನ್ನು ಕಂಡುಹಿಡಿಯಲು ಸೇದಬೇಕಿಲ್ಲ; ಪೆಟ್ಟಿಗೆ ತೆರೆದ ಕೂಡಲೇ ಹಟ್ಟಿಯ ಘಾಟು ಮೂಗಿಗೆ ಹೊಡೆಯುತ್ತದೆ. ಹೊಸದಾಗಿ ಸುತ್ತಿದ ಸಿಗಾರಿನಲ್ಲೂ ಸ್ವಲ್ಪ ಇರುತ್ತದೆ, ಆದರೆ ಅದು ಕಾಲ ಕಳೆದಂತೆ ಹೋಗುತ್ತದೆ.

ನನ್ನ ಕೈಗೆ ಪಾಠ ಆದದ್ದು ಮಾತ್ರ ಬಂಟ್ವಾಳದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದ ಕಟ್ಟುಗಳನ್ನು ಚೆಕ್ಕರ್ ಕೈಯಲ್ಲಿ ಹಿಡಿದು, ಬೆರಳಿನಿಂದ ಒತ್ತಿ, ಸಡಿಲವಾದದ್ದನ್ನೂ ಗಟ್ಟಿಯಾದದ್ದನ್ನೂ ಎಳೆದು ಬದಿಗೆ ಹಾಕುತ್ತಿದ್ದರು. ಬದಿಗೆ ಹಾಕಿದ್ದಕ್ಕೆ ಮಜೂರಿ ಇಲ್ಲ. ಅಲ್ಲಿ 25ರ ಕಟ್ಟು, ಇಲ್ಲಿ 25ರ ಪೆಟ್ಟಿಗೆ. ಒಂದು ಸಿಗಾರ್ ಅದ್ಭುತವಾಗಿದ್ದರೆ ನನಗೆ ಅದರಿಂದ ಏನೂ ತಿಳಿಯುವುದಿಲ್ಲ. ಇಪ್ಪತ್ತೈದೂ ಒಂದೇ ಹದದಲ್ಲಿದ್ದರೆ ಆ ಕಾರ್ಖಾನೆಯಲ್ಲಿ ಎಲೆಯಿಂದ ಹಿಡಿದು ಕೊನೆಯ ತಪಾಸಣೆಯವರೆಗೆ ಎಲ್ಲರೂ ಎಚ್ಚರವಾಗಿದ್ದಾರೆಂದು ತಿಳಿಯುತ್ತೇನೆ. ಪ್ರೀಮಿಯಂ ಎಂದರೆ ನನ್ನ ಲೆಕ್ಕದಲ್ಲಿ ಇದೇ.

ಹಾಗಾಗಿ ಪೆಟ್ಟಿಗೆಯಿಂದ ಹಲವನ್ನು ತೆಗೆದು ಸಣ್ಣ ತಕ್ಕಡಿಯಲ್ಲಿ ತೂಗುತ್ತೇನೆ. ರೊಬುಸ್ಟೊ ಅಳತೆಯ ಸಿಗಾರ್ 124 ಮಿಲಿಮೀಟರ್ ಉದ್ದ. ಅದರ ಗೇಜ್ 50, ಅಂದರೆ ಅಂಗುಲದ 64 ಭಾಗಗಳಲ್ಲಿ 50, ಸುಮಾರು 20 ಮಿಲಿಮೀಟರ್ ದಪ್ಪ. ಹನ್ನೆರಡು ಗ್ರಾಂ ಆಸುಪಾಸು ತೂಗುವ ಅಂಥ ಸಿಗಾರಿನಲ್ಲಿ ಒಂದೂವರೆ ಗ್ರಾಂ ಹೆಚ್ಚುಕಮ್ಮಿಯಾದರೆ ಸುತ್ತಿದವರ ಕೈ ಒಂದೇ ಸಮ ಇರಲಿಲ್ಲವೆಂದೇ ಅರ್ಥ. ನಂತರ ಬುಡದಿಂದ ತಲೆಯವರೆಗೆ ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತುತ್ತಾ ಹೋಗುತ್ತೇನೆ. ಗಂಟು ಸಿಕ್ಕರೆ ಅಲ್ಲಿ ಗಾಳಿ ಕಟ್ಟುತ್ತದೆ. ಪೊಳ್ಳು ಸಿಕ್ಕರೆ ಅಲ್ಲಿ ಬೇಗ ಉರಿದು ಬಾಯಿ ಸುಡುತ್ತದೆ. ಅನುಮಾನ ಬಂದದ್ದರ ತಲೆ ಕತ್ತರಿಸಿ, ಬೆಂಕಿ ಹಚ್ಚದೆ ಗಾಳಿ ಎಳೆದು ನೋಡುತ್ತೇನೆ. ಕ್ಯೂಬಾದ ಕಾರ್ಖಾನೆಗಳಲ್ಲಿ ಹೊರ ಎಲೆ ಹಾಕುವ ಮೊದಲೇ ಈ ಗಾಳಿಯೆಳೆತವನ್ನು ಯಂತ್ರದಲ್ಲಿಟ್ಟು ಅಳೆಯುತ್ತಾರೆ. ಹೊಸ ಸರಬರಾಜುದಾರರಾದರೆ ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿಬಿಡುತ್ತೇನೆ. ದುಬಾರಿ ಪರೀಕ್ಷೆ ಎಂದು ಲೆಕ್ಕಪತ್ರ ವಿಭಾಗದವರು ಗೊಣಗುತ್ತಾರೆ, ಆದರೆ ನಡುವಿನ ಎಲೆ ತುದಿಯವರೆಗೆ ಹೋಗಿದೆಯೋ ಅರ್ಧಕ್ಕೇ ಮುಗಿದಿದೆಯೋ ಎಂಬುದಕ್ಕೆ ಬೇರೆ ಸಾಕ್ಷಿ ಇಲ್ಲ. ಹೊರ ಎಲೆಯ ಅಂದಕ್ಕೆ ನಾನು ಕೊಡುವ ಅಂಕ ಕಡಿಮೆ. ನರ ಎದ್ದು ಕಾಣುವ ಒರಟು ಎಲೆಯ ಸಿಗಾರುಗಳು ಎಷ್ಟೋ ಸಲ ನಯವಾದವುಗಳಿಗಿಂತ ಚೆನ್ನಾಗಿ ಉರಿದಿವೆ.

ಬೆಲೆಯನ್ನಂತೂ ಗುಣದ ಪುರಾವೆ ಎಂದು ನಂಬುವುದನ್ನು ಬಿಟ್ಟಿದ್ದೇನೆ. 2022ರಲ್ಲಿ ಕೊಹಿಬಾ ಮತ್ತು ಟ್ರಿನಿಡಾಡ್ ಎಂಬ ಕ್ಯೂಬಾದ ಬ್ರ್ಯಾಂಡುಗಳ ಬೆಲೆಯನ್ನು ಜಗತ್ತಿನಾದ್ಯಂತ ಒಂದೇ ಮಟ್ಟಕ್ಕೆ ತರಲು ಹೊರಟಾಗ ಹಲವು ದೇಶಗಳಲ್ಲಿ ದರ ದಿಢೀರನೆ ಜಿಗಿಯಿತು. ಹಿಂದಿನ ತಿಂಗಳು ಬಂದಿದ್ದ ಪೆಟ್ಟಿಗೆಯಲ್ಲಿದ್ದದ್ದು ಅದೇ ಎಲೆ, ಅದೇ ಸುತ್ತು. ದರ ಏರಿದಷ್ಟೂ ನಕಲಿಗಳಿಗೆ ಹಬ್ಬ. ರಜೆಗೆ ಹೋದವರು ಬೀದಿಯಲ್ಲಿ ಕೊಂಡು ತಂದು ತೋರಿಸುವ, ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ನೂರಕ್ಕೆ ನೂರು ನಕಲಿ; ಅಂಥ ಪೆಟ್ಟಿಗೆಯನ್ನು ಅಸಲಿ ಕಂಪನಿ ಮಾಡುವುದೇ ಇಲ್ಲ. ಅಸಲಿಯ ಅಡಿಯಲ್ಲಿ ಕಾರ್ಖಾನೆಯ ಗುಪ್ತಾಕ್ಷರಗಳೂ ಪೆಟ್ಟಿಗೆ ತುಂಬಿದ ತಿಂಗಳು, ವರ್ಷವೂ ಇರುತ್ತವೆ.

ಇನ್ನೊಂದನ್ನು ಗಿರಾಕಿಗಳಿಗೆ ನೇರವಾಗಿಯೇ ಹೇಳುತ್ತೇನೆ. ಎಲೆ ಎಷ್ಟೇ ಮಾಗಿರಲಿ, ಹೊಗೆಯನ್ನು ಒಳಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಗುಣಮಟ್ಟ ಏರಿದರೆ ಹಾನಿ ಇಳಿಯುವುದಿಲ್ಲ.

ಇಷ್ಟೆಲ್ಲ ಜರಡಿ ಹಿಡಿದು ತಂದದ್ದು ಎ.ಸಿ. ಗಾಳಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಒಣಗಿ ಹೊರ ಎಲೆ ಬಿರಿಯುತ್ತದೆ. ನಮ್ಮ ಕಪಾಟುಗಳ ಒಳಹಲಗೆ ಬೇವು, ಮಹಾಗನಿಗಳ ಕುಟುಂಬದ ಸೆಡ್ರೆಲಾ ಮರದ್ದು. ಆರ್ದ್ರತೆಯನ್ನು ಶೇ 65ರಿಂದ 68ರ ನಡುವೆ, ಉಷ್ಣತೆಯನ್ನು 18 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಡುತ್ತೇನೆ. ಮಾಪಕ ಹೇಳಿದ್ದನ್ನೆಲ್ಲ ನಂಬುವುದಿಲ್ಲ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಇಡೀ ರಾತ್ರಿ ಮುಚ್ಚಿಡುತ್ತೇನೆ. ಬೆಳಿಗ್ಗೆ ಅದು 75 ತೋರಿಸಬೇಕು. 71 ತೋರಿಸಿದರೆ ನಾಲ್ಕು ಸೇರಿಸಿ ಓದುತ್ತೇನೆ.

ಹುಳುವಿನ ಕಾಟ ಬೇರೆ. ಎಲೆಯೊಳಗಿನ ಮೊಟ್ಟೆ ಬೆಚ್ಚಗಾದರೆ ಒಡೆದು ಗುಂಡುಸೂಜಿಯಷ್ಟು ತೂತು ಕೊರೆಯುತ್ತದೆ. ಒಂದು ಸಿಗಾರಿನಲ್ಲಿ ತೂತು ಕಂಡರೆ ಅದನ್ನು ಎಸೆದು, ಆ ಅಟ್ಟದಲ್ಲಿದ್ದ ಉಳಿದವನ್ನೆಲ್ಲ ಚೀಲದಲ್ಲಿ ಬಿಗಿದು ಒಂದು ದಿನ ಫ್ರಿಜ್ಜಿನಲ್ಲಿ, ಮೂರು ದಿನ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿ ಇಟ್ಟು ಹೊರತೆಗೆಯುತ್ತೇನೆ. ನೇರವಾಗಿ ಫ್ರೀಜರಿಗೆ ಹಾಕಿದರೆ ಹೊರ ಎಲೆ ಸೀಳುತ್ತದೆ. ಹೊರತೆಗೆದ ಸಿಗಾರುಗಳನ್ನು ಕೆಲವು ವಾರ ಮಾರಾಟಕ್ಕೆ ಇಡುವುದಿಲ್ಲ.