ಕುರ್ಚಿ, ಗೋಡೆ, ಬೆಲ್ಟು: ಎಲ್ಲ ಮೈಗೂ ಜಾಗವಿರುವ ಯೋಗ ತರಗತಿಯಲ್ಲಿ

‘ಎಲ್ಲರಿಗೂ ಸ್ವಾಗತ’ ಎಂದು ಬೋರ್ಡಿನಲ್ಲಿ ಬರೆದಿದ್ದರೆ ಸಾಲದು. ಸೇರುವ ಮುಂಚೆ ಫೋನ್ ಮಾಡಿ ಕೆಲವು ಸಂಗತಿ ಕೇಳಿಕೊಳ್ಳುತ್ತೇನೆ. ಬೀದಿಯಿಂದ ತರಗತಿಯ ತನಕ ಎಷ್ಟು ಮೆಟ್ಟಿಲು? ಗಾಲಿಕುರ್ಚಿ ಶೌಚಾಲಯದ ಒಳಗೆ ಹೋಗುತ್ತದೆಯೇ? ಬಾಗಿಲು 90 ಸೆಂ.ಮೀ. ಅಗಲವಿದ್ದರೆ ಸಲೀಸು. ಒಬ್ಬ ಶಿಕ್ಷಕರಿಗೆ ಎಷ್ಟು ಜನ? ಹನ್ನೆರಡು ದಾಟಿದರೆ ಒಬ್ಬೊಬ್ಬರನ್ನೂ ಗಮನಿಸುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಪ್ರಶ್ನೆ: ನೆಲದ ಮೇಲೆ ಕೂರಲು ಆಗದವರಿಗೆ ಏನು ಮಾಡಿಸುತ್ತೀರಿ? ‘ಅಷ್ಟು ಹೊತ್ತು ನೋಡುತ್ತಾ ಕೂತಿರಲಿ’ ಎಂಬ ಉತ್ತರ ಬಂದರೆ ಬೇರೆ ತರಗತಿ ಹುಡುಕುವುದು ಮೇಲು. ‘ಅದೇ ಆಸನವನ್ನು ಕುರ್ಚಿಯಲ್ಲಿ ಮಾಡಿಸುತ್ತೇವೆ’ ಎಂದರೆ ಧೈರ್ಯವಾಗಿ ಹೋಗಬಹುದು.

ಮೊದಲ ದಿನ ಹದಿನೈದು ನಿಮಿಷ ಮುಂಚೆ ಹೋಗಿ ಮೈಯ ಸ್ಥಿತಿಯನ್ನು ಶಿಕ್ಷಕರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹತೋಟಿಗೆ ಬಾರದ ಬಿಪಿ ಅಥವಾ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇದ್ದರೆ ತಲೆ ಹೃದಯಕ್ಕಿಂತ ಕೆಳಗಿಳಿಯುವ ಆಸನ ಬೇಡ, ಕಣ್ಣಿನ ಒಳಗಿನ ಒತ್ತಡ ಏರುತ್ತದೆ. ಮೂಳೆ ಸವೆತ (ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್) ಇರುವವರು ಬೆನ್ನನ್ನು ಗೂನು ಮಾಡಿ ಮುಂದೆ ಬಾಗಬಾರದು, ಜೋರಾಗಿ ತಿರುಚಲೂಬಾರದು. ಬೆನ್ನೆಲುಬಿನ ಮಣಿಗಳ ಮುಂಭಾಗ ಕುಸಿಯುವ ಅಪಾಯವಿದೆ. ಸೊಂಟದ ಕೀಲು ಬದಲಿಸಿಕೊಂಡವರು ಯಾವ ಚಲನೆ ಬೇಡವೆಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೇ ತಿಳಿದುಕೊಳ್ಳಬೇಕು. ಯಾವ ದಿಕ್ಕಿನಿಂದ ಕೀಲನ್ನು ತೆರೆದರು ಎಂಬುದರ ಮೇಲೆ ಅದು ಬದಲಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಜಾರದ ಸಾಕ್ಸ್ ಹಾಕಿಕೊಂಡು, ತರಗತಿ ಮುಗಿದ ಮೇಲೆ ಪಾದಗಳನ್ನು ಕಣ್ಣಿನಿಂದಲೇ ಪರೀಕ್ಷಿಸಬೇಕು, ಗಾಯವಾದರೂ ಅವರಿಗೆ ಗೊತ್ತಾಗುವುದಿಲ್ಲ.

ಇನ್ನು ಕುರ್ಚಿ. ಕುರ್ಚಿ, ಬೆಲ್ಟು, ಮರದ ಬ್ಲಾಕುಗಳನ್ನು ಆಸನಾಭ್ಯಾಸದೊಳಗೆ ವ್ಯವಸ್ಥಿತವಾಗಿ ತಂದವರು ಬಿ.ಕೆ.ಎಸ್. ಅಯ್ಯಂಗಾರ್ (1918–2014). ಬಾಲ್ಯದಲ್ಲಿ ಅವರದೇ ಮೈ ಕಾಯಿಲೆಗಳಿಂದ ಸೊರಗಿತ್ತು. ಆದ್ದರಿಂದ ಕುರ್ಚಿಯನ್ನು ‘ಆಗದವರ ಯೋಗ’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೈಗಳಿಲ್ಲದ, ಗಟ್ಟಿ ಕಬ್ಬಿಣದ ಮಡಚುವ ಕುರ್ಚಿ ಒಳ್ಳೆಯದು. ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಭಾರ ಓರೆಯಾದೊಡನೆ ಹೊರಕ್ಕೆ ಜಾರಿ ಬಿರಿಯುತ್ತವೆ. ಮೆತ್ತೆಯ ಕುರ್ಚಿಯಲ್ಲಿ ಸೊಂಟ ಕುಸಿಯುತ್ತದೆ. ನಾಲ್ಕೂ ಕಾಲು ರಬ್ಬರ್ ಮ್ಯಾಟ್ ಮೇಲಿರಲಿ, ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ.

ಕೂರುವುದಕ್ಕೂ ಕ್ರಮವಿದೆ. ಬೆನ್ನನ್ನು ಒರಗಿಸದೆ ಸೀಟಿನ ಮುಂಭಾಗದಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿಸಬೇಕು, ಮಂಡಿ ಹಿಮ್ಮಡಿಯ ನೇರ ಮೇಲೆ ಬರಬೇಕು. ಸಾಮಾನ್ಯ ಕುರ್ಚಿಯ ಎತ್ತರ ಸುಮಾರು 45 ಸೆಂ.ಮೀ. ಗಿಡ್ಡ ಇರುವವರಿಗೆ ಪಾದ ತೂಗಾಡುತ್ತದೆ. ಕೆಳಗೆ ಬ್ಲಾಕ್ ಇಡಿ. ಎತ್ತರದವರಿಗೆ ಮಂಡಿ ಸೊಂಟಕ್ಕಿಂತ ಮೇಲೇರಿ ಬೆನ್ನು ಗೂನಾಗುತ್ತದೆ. ಸೀಟಿನ ಮೇಲೆ ಕಂಬಳಿ ಮಡಚಿ ಹಾಕಿ. ಇದನ್ನು ಸರಿಪಡಿಸದೆ ಮುಂದಿನ ಆಸನಗಳಿಗೆ ಹೋದರೆ, ಎಲ್ಲದರಲ್ಲೂ ಸೊಂಟ ನೋವೇ ಬರುತ್ತದೆ.

ಯಾವುದೇ ಆಸನ ಮಾಡುವ ಮುಂಚೆ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದು ಮೈಯಲ್ಲಿ ಯಾವ ಕೆಲಸ ಮಾಡಬೇಕು? ಅಧೋಮುಖ ಶ್ವಾನಾಸನ (ಅಂಗೈ, ಪಾದ ನೆಲಕ್ಕೂರಿ ಸೊಂಟ ಮೇಲೆತ್ತುವ ಭಂಗಿ) ಭುಜದಿಂದ ಸೊಂಟದವರೆಗೆ ಬೆನ್ನನ್ನು ಉದ್ದ ಮಾಡಿ ಕಾಲಿನ ಹಿಂಭಾಗವನ್ನು ಎಳೆಯುತ್ತದೆ. ಆ ಕೆಲಸಕ್ಕೆ ಗೋಡೆ ಸಾಕು. ಸೊಂಟದ ಎತ್ತರದಲ್ಲಿ ಅಂಗೈಗಳನ್ನು ಗೋಡೆಗೆ ಒತ್ತಿ, ಪೃಷ್ಠ ಹಿಮ್ಮಡಿಯ ನೇರಕ್ಕೆ ಬರುವ ತನಕ ಹಿಂದೆ ನಡೆಯಿರಿ. ಕಿವಿಗಳು ತೋಳಿನ ಸಾಲಿನಲ್ಲೇ ಇರಲಿ. ತಲೆಯನ್ನು ತೋಳುಗಳ ನಡುವೆ ಜೋತುಬಿಟ್ಟರೆ ಕೆಳಬೆನ್ನು ಕುಸಿಯುತ್ತದೆ. ತೊಡೆಯ ಹಿಂಭಾಗ ಬಿಗಿಯಿದ್ದರೆ ಮಂಡಿ ಬಗ್ಗಿಸಿ, ಭುಜ ಬಿಗಿಯಿದ್ದರೆ ಅಂಗೈಯನ್ನು ಇನ್ನಷ್ಟು ಮೇಲಿಡಿ. ಐದು ಉಸಿರು ನಿಂತು, ಗೋಡೆಯ ಕಡೆ ನಡೆಯುತ್ತಲೇ ಮೇಲೆ ಬನ್ನಿ. ಇದರಲ್ಲಿ ಮಣಿಕಟ್ಟಿನ ಮೇಲೂ ಭಾರ ಬೀಳುವುದಿಲ್ಲ.

ಎರಡನೆಯ ವೀರಭದ್ರಾಸನವನ್ನು (ಒಂದು ಮಂಡಿ ಬಗ್ಗಿಸಿ, ತೋಳುಗಳನ್ನು ಎರಡೂ ಪಕ್ಕಕ್ಕೆ ಚಾಚುವ ಭಂಗಿ) ಕುರ್ಚಿಯಲ್ಲಿ ಮಾಡುವಾಗ ಬಲ ತೊಡೆ ಸೀಟಿನ ಮೇಲೆ ಪೂರ್ತಿ ಒರಗುವಂತೆ ಪಕ್ಕಕ್ಕೆ ತಿರುಗಿ, ಎಡಗಾಲನ್ನು ಎದುರು ದಿಕ್ಕಿಗೆ ಚಾಚಬೇಕು. ಚಾಚಿದ ಪಾದ ಜಾರುತ್ತಿದ್ದರೆ ಅದರ ಹೊರ ಅಂಚನ್ನು ಗೋಡೆಗೆ ಆನಿಸಿ. ಮಂಡಿ ನೆಟ್ಟಗಾಗದಿದ್ದರೆ ಬಗ್ಗಿಸಿಯೇ ಇಡಿ, ತೋಳುಗಳ ಕೆಲಸಕ್ಕೆ ಕೊರತೆಯಾಗದು. ಒಂಟಿಕಾಲಿನಲ್ಲಿ ನಿಲ್ಲುವ ವೃಕ್ಷಾಸನದಲ್ಲಿ ಗೋಡೆಯಿಂದ ಒಂದು ಗೇಣು ದೂರ ನಿಂತು, ಎತ್ತುವ ಕಾಲಿನ ಬೆರಳನ್ನು ನೆಲದ ಮೇಲೇ ಬಿಟ್ಟು, ಹಿಮ್ಮಡಿಯನ್ನಷ್ಟೇ ಇನ್ನೊಂದು ಕಾಲಿನ ಗಿಣ್ಣಿಗೆ ಒರಗಿಸಿದರೂ ಸಮತೋಲನದ ಅಭ್ಯಾಸ ಆಗುತ್ತದೆ. ಪಾದವನ್ನು ಮಂಡಿಯ ಪಕ್ಕಕ್ಕೆ ಮಾತ್ರ ಒತ್ತಬೇಡಿ. ದಪ್ಪನೆಯ ಮೆತ್ತನೆ ಮ್ಯಾಟ್ ಇಲ್ಲಿ ಶತ್ರು. ನಾಲ್ಕರಿಂದ ಆರು ಮಿ.ಮೀ. ದಪ್ಪ ಸಾಕು.

ನೆಲದಿಂದ ಏಳುವುದನ್ನು ಒಂದು ಆಸನದಷ್ಟೇ ಕಾಳಜಿಯಿಂದ ಕಲಿಸುವ ತರಗತಿ ನನಗೆ ಇಷ್ಟ. ಮಗ್ಗುಲಾಗಿ ಹೊರಳಿ, ಮೊಣಕೈ, ಅಂಗೈ ಒತ್ತಿ ಕೂತು, ನಾಲ್ಕು ಕಾಲಿನ ಭಂಗಿಗೆ ಬನ್ನಿ. ಮಂಡಿಯ ಕೆಳಗೆ ಕಂಬಳಿ ಇರಲಿ. ಎದುರಿಗೆ ಗೋಡೆಗೆ ಆನಿಸಿದ ಕುರ್ಚಿ. ಎರಡೂ ಅಂಗೈ ಸೀಟಿನ ಮೇಲಿಟ್ಟು, ಬಲವಾದ ಕಾಲಿನ ಪಾದವನ್ನು ಮುಂದೆ ತಂದು, ಹಿಂದಿನ ಕಾಲ್ಬೆರಳು ಮಡಚಿ ನೆಲಕ್ಕೆ ಊರಿ, ಮೂಗು ಮಂಡಿಯ ಆಚೆ ಹೋಗುವಷ್ಟು ಮುಂದೆ ವಾಲಿ, ಒತ್ತಿ ಏಳಿ. ಕುರ್ಚಿಯ ಬೆನ್ನನ್ನು ಹಿಡಿದು ಎಳೆದರೆ ಕುರ್ಚಿ ಮೈಮೇಲೇ ಬರುತ್ತದೆ. ಎದ್ದವರು ಕುರ್ಚಿಯಲ್ಲಿ ನಾಲ್ಕೈದು ಉಸಿರು ಕೂತು ಆಮೇಲೆ ನಿಲ್ಲಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇಲ್ಲೇ ತಲೆ ತಿರುಗುವುದು.

ದಪ್ಪ ಮೈಯವರಿಗೆ ಹೆಚ್ಚಿನ ತರಗತಿಗಳು ಹೇಳಿಕೊಡದ ಒಂದು ಮಾತು: ಕೈಯಿಂದ ಮೈಯನ್ನು ಸರಿಸಿಕೊಳ್ಳಿ. ಮುಂದೆ ಬಾಗುವ ಮುನ್ನ ಮಂಡಿಗಳನ್ನು ಅಗಲ ಮಾಡಿ, ಹೊಟ್ಟೆಯನ್ನು ಎರಡೂ ಕೈಯಿಂದ ಮೇಲೆತ್ತಿ ತೊಡೆಗಳ ನಡುವೆ ಬಿಟ್ಟುಕೊಂಡರೆ ಉಸಿರು ಕಟ್ಟುವುದಿಲ್ಲ. ನೆಟ್ಟಗೆ ನಿಲ್ಲುವ ತಾಡಾಸನದಲ್ಲಿ ಪಾದ ಜೋಡಿಸಲೇಬೇಕೆಂಬ ಹಟ ಬೇಡ, ಸೊಂಟದಷ್ಟು ಅಗಲ ನಿಲ್ಲಿ. ಬೆಲ್ಟು ಸಾಲದಿದ್ದರೆ ಎರಡನ್ನು ಜೋಡಿಸಿ. ಅಂಗಾತ ಮಲಗಿದಾಗ ಎದೆಯ ಭಾರ ಕತ್ತಿನ ಕಡೆ ಬಂದು ಉಸಿರಾಟ ಕಷ್ಟವಾಗುತ್ತದೆ. ತಲೆಯ ಕಡೆ ಎರಡು ಬ್ಲಾಕ್ ಇಟ್ಟು ಅದರ ಮೇಲೆ ಬೋಲ್ಸ್ಟರ್ (ಉದ್ದನೆಯ ಗಟ್ಟಿ ದಿಂಬು) ಇಳಿಜಾರಾಗಿ ಒರಗಿಸಿ, ಬೆನ್ನು ಪೂರ್ತಿ ಅದರ ಮೇಲೆ ಬರುವಂತೆ ಮಲಗಿ. ಗರ್ಭಿಣಿಯರಿಗೆ ದಿನ ತುಂಬುತ್ತಾ ಬಂದಂತೆ ಅಂಗಾತ ಮಲಗುವುದೇ ಬೇಡ, ಮಗ್ಗುಲಾಗಿ ಮಲಗುವುದೇ ಸರಿ.

ಗಾಲಿಕುರ್ಚಿಯಲ್ಲೇ ಮಾಡುವವರು ಮೊದಲು ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಮಡಚಿ, ಪಾದಗಳನ್ನು ನೆಲಕ್ಕೋ ಬ್ಲಾಕಿಗೋ ಊರಬೇಕು. ಹಲಗೆಯ ಮೇಲೆ ಭಾರ ಹಾಕಿ ಮುಂದೆ ಬಾಗಿದರೆ ಕುರ್ಚಿ ಮುಗ್ಗರಿಸುತ್ತದೆ. ಸ್ಪರ್ಶವಿಲ್ಲದ ಭಾಗಕ್ಕೆ ಬ್ಲಾಕಿನ ಅಂಚು ಒತ್ತದಂತೆ ಕಂಬಳಿ ಸುತ್ತಿ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು, ಮುಖ ಕೆಂಪಾಗಿ ಬೆವರುವುದು ಕಂಡರೆ ತಕ್ಷಣ ನೆಟ್ಟಗೆ ಕೂರಿಸಿ, ಬಿಗಿಯಾದ ಬೆಲ್ಟು, ಬಟ್ಟೆ ಸಡಿಲಿಸಿ, ವೈದ್ಯರ ನೆರವು ಪಡೆಯಬೇಕು. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿರುವ ಸೂಚನೆ ಅದು.

ಸುಲಭವಾಗಿ ಬಳುಕುವವರ ಬಗ್ಗೆಯೂ ನನಗೆ ಅಷ್ಟೇ ಚಿಂತೆ. ಮೊಣಕೈ, ಮಂಡಿ ಹಿಂದಕ್ಕೆ ಬಾಗುವ ಮೈಯವರು ಕೀಲಿನ ತುದಿಯಲ್ಲೇ ನೇತುಬೀಳುತ್ತಾರೆ, ನೋವು ಆಮೇಲೆ ಬರುತ್ತದೆ. ಅವರು ಕೀಲನ್ನು ಎಳ್ಳಷ್ಟು ಬಗ್ಗಿಸಿ, ಸುತ್ತಲ ಸ್ನಾಯು ಬಿಗಿಹಿಡಿಯಬೇಕು.

ಶಿಕ್ಷಕರ ಮಾತಿನಿಂದಲೂ ತರಗತಿಯ ಗುಣ ಗೊತ್ತಾಗುತ್ತದೆ. ‘ಹೀಗೆ ಮಾಡಿ’ ಎಂದರೆ ಕಣ್ಣು ಕಾಣದವರಿಗೆ ಏನೂ ತಿಳಿಯದು. ‘ಬಲ ಅಂಗೈಯನ್ನು ಎಡ ತೊಡೆಯ ಮೇಲಿಡಿ’ ಎಂದರೆ ತಿಳಿಯುತ್ತದೆ. ಕಿವಿ ಕೇಳದವರು ಮುಂದಿನ ಸಾಲಿನಲ್ಲಿ, ಶಿಕ್ಷಕರ ತುಟಿ ಕಾಣುವಂತೆ ಇರಬೇಕು. ಶವಾಸನ ಮುಗಿದದ್ದಕ್ಕೆ ದೀಪ ಹಾಕುವುದನ್ನೇ ಸಂಕೇತವಾಗಿ ಮೊದಲೇ ಗೊತ್ತುಮಾಡಿಕೊಳ್ಳಲಿ. ಮುಟ್ಟಿ ತಿದ್ದುವ ಮುನ್ನ ಪ್ರತಿ ಸಲವೂ ಕೇಳಬೇಕು. ಬೇಡವೆನ್ನಲು ಸಂಕೋಚಪಡುವವರಿಗಾಗಿ ಮ್ಯಾಟಿನ ಮೂಲೆಯಲ್ಲಿ ಎರಡು ಬಣ್ಣದ ಚೀಟಿ ಇಡುವ ಪದ್ಧತಿ ಚೆನ್ನಾಗಿದೆ.

ಶವಾಸನಕ್ಕೆ ಮಂಡಿಯ ಕೆಳಗೆ ಬೋಲ್ಸ್ಟರ್, ತಲೆಯ ಕೆಳಗೆ ಮಡಚಿದ ಕಂಬಳಿ. ಮಲಗಲಾರದವರು ಕುರ್ಚಿಯಲ್ಲಿ ಕೂತು, ಎದುರಿನ ಮೇಜಿನ ಮೇಲೆ ತೋಳು, ಹಣೆ ಒರಗಿಸಲಿ. ಕಣ್ಣು ಮುಚ್ಚಿದರೆ ಗಾಬರಿಯಾಗುವವರು ತೆರೆದೇ ಇರಲಿ.

ಅಭ್ಯಾಸದ ನಡುವೆ ಉಸಿರೇ ಅಳತೆಗೋಲು. ಅದು ತಡೆದರೆ ಅರ್ಧದಷ್ಟು ಹಿಂದೆ ಬನ್ನಿ. ಚುಚ್ಚುವ ನೋವು, ಜುಮ್ಮೆನ್ನುವುದು, ಮರಗಟ್ಟುವುದು ಆದರೆ ಪೂರ್ತಿ ಬಿಡಿ. ಮಾರನೆಯ ದಿನ ಸ್ನಾಯು ನೋಯುವುದು ಸಹಜ, ಕೆಲವು ದಿನದಲ್ಲಿ ಹೋಗುತ್ತದೆ. ಕೀಲಿನೊಳಗೇ ನೋವು ಉಳಿದರೆ ಯಾವ ಆಸನ, ಯಾವ ಕಡೆ ಎಂದು ಬರೆದಿಟ್ಟುಕೊಂಡು ಮುಂದಿನ ತರಗತಿ ಶುರುವಾಗುವ ಮುಂಚೆ ಶಿಕ್ಷಕರಿಗೆ ತೋರಿಸಿ.