ಕಗ್ಗ ಉಪ್ಪಿಗೆ ಒಗ್ಗಿಕೊಂಡಿತೇ?

ಕುಮಟಾ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಮಕ್ಕಳಲ್ಲಿ ಬಹಳಷ್ಟು ಜನ ಅಘನಾಶಿನಿ ಹಿನ್ನೀರಿನ ಗಜನಿ ಬದಿಯವರು. ಭರತದ ಉಪ್ಪುನೀರು ಹೊಕ್ಕು ಹೊರಡುವ ಆ ತಗ್ಗು ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಮೀನು, ಸಿಗಡಿ.

ಹೀಗಿದ್ದೂ ಎಷ್ಟೋ ವರ್ಷ ಜೀವವಿಕಾಸವನ್ನು ಜಿರಾಫೆಯ ಕುತ್ತಿಗೆಯಿಂದಲೇ ಶುರುಮಾಡುತ್ತಿದ್ದೆ. ಒಂದು ದಿನ ಸುಮ್ಮನೆ ಕೇಳಿದೆ: ಉಪ್ಪು ಹೊಕ್ಕರೆ ಬೇರೆ ಭತ್ತ ಕರಟಿಹೋಗುತ್ತದೆ, ಕಗ್ಗ ಹೇಗೆ ಬದುಕುತ್ತದೆ?

"ಉಪ್ಪಿಗೆ ಒಗ್ಗಿಕಂಡದೆ ಅಕ್ಕೋರೆ," ಎಂದಳು ಎದುರು ಬೆಂಚಿನ ಹುಡುಗಿ. ಎಲ್ಲರೂ ತಲೆಯಾಡಿಸಿದರು.

ಆ ಒಂದು ಮಾತಿನಲ್ಲಿ ನನ್ನ ಪಾಠದ ತಪ್ಪೆಲ್ಲ ಕಂಡಿತು. ಹಾಸ್ಟೆಲ್ ಊಟಕ್ಕೆ ನಾವು ಒಗ್ಗಿಕೊಂಡ ಹಾಗೆ ಭತ್ತವೂ ಉಪ್ಪು ಕುಡಿದು ಕುಡಿದು ಒಗ್ಗಿಕೊಂಡಿತು, ಆಮೇಲೆ ಅದನ್ನು ಮುಂದಿನ ಪೀಳಿಗೆಗೂ ದಾಟಿಸಿತು ಎಂದೇ ಅವರ ತಿಳಿವಳಿಕೆ. ಫ್ರೆಂಚ್ ಜೀವವಿಜ್ಞಾನಿ ಲಾಮಾರ್ಕ್ 1809ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ 'ಹೊಂದಾಣಿಕೆ' ಎಂಬ ಪದ ಆ ತಿಳಿವಳಿಕೆಗೇ ನೀರೆರೆಯುತ್ತಿತ್ತು.

ಮರುವಾರ ಮಕ್ಕಳೇ ಮನೆಯಿಂದ ಒಂದು ಹಿಡಿ ಕಗ್ಗ, ಒಂದು ಹಿಡಿ ಸಾದಾ ಗದ್ದೆಯ ಭತ್ತ ತಂದರು. ಲೀಟರ್ ನೀರಿಗೆ 5, 10, 15 ಗ್ರಾಂ ಕಲ್ಲುಪ್ಪು ಕರಗಿಸಿದೆವು. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ. ತಟ್ಟೆಗೆ ಹಳೆ ಪಂಚೆಯ ತುಂಡು ಹಾಸಿ, ಐವತ್ತೈವತ್ತು ಕಾಳು ಎಣಿಸಿಟ್ಟು, ಒಂದು ತಟ್ಟೆಗೆ ಬರೀ ಬಾವಿನೀರು ಹಾಕಿದೆವು. ನೀರನ್ನು ದಿನಾ ಬದಲಿಸಲೇಬೇಕು. ಇಲ್ಲದಿದ್ದರೆ ಅದು ಆರಿದಷ್ಟೂ ಉಪ್ಪು ಏರುತ್ತದೆ, ಬೂಸ್ಟೂ ಹಿಡಿಯುತ್ತದೆ. ಮೊದಲ ಸಲ ನಮ್ಮದು ಹಾಗೇ ಹಾಳಾಯಿತು.

ಎರಡನೆಯ ಸಲ ವಾರದ ಕೊನೆಗೆ ಎಣಿಸಿದೆವು. 10 ಗ್ರಾಮಿನ ತಟ್ಟೆಯಲ್ಲಿ ಕಗ್ಗ ಚೆನ್ನಾಗಿ ಮೊಳೆತಿತ್ತು. ಇದು ಎಲ್ಲರೂ ಕಾದದ್ದೇ. ಆದರೆ ಅದರಲ್ಲೂ ಕೆಲವು ಕಾಳು ಸತ್ತಿದ್ದವು. ಸಾದಾ ಭತ್ತದ ತಟ್ಟೆ ಪೂರ್ತಿ ಕಪ್ಪಾಗಿರುತ್ತದೆ ಅಂದುಕೊಂಡಿದ್ದೆವು, ಅಲ್ಲಿ ನಾಲ್ಕು ಕಾಳು ಬಿಳಿ ಬೇರು ಬಿಟ್ಟು ಕೂತಿದ್ದವು! ಮಕ್ಕಳು ತಟ್ಟೆಯ ಸುತ್ತ ಮುಗಿಬಿದ್ದರು. ಇವು ಉಪ್ಪನ್ನು ಹಿಂದೆಂದೂ ಕಂಡವಲ್ಲ, ಒಗ್ಗಿಕೊಳ್ಳಲು ಸಮಯವೆಲ್ಲಿತ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, "ಅವು ಮೊದಲೇ ಬೇರೆ ನಮೂನೆ ಇದ್ದವು," ಎಂದ. ನೈಸರ್ಗಿಕ ಆಯ್ಕೆಯನ್ನು ಡಾರ್ವಿನ್ ಇಲ್ಲಿಂದಲೇ ಹಿಡಿದದ್ದು. ಭೇದ ಮೊದಲೇ ಇರುತ್ತದೆ, ಉಪ್ಪು ಸೋಸುತ್ತದೆ. ಗಜನಿಯಲ್ಲಿ ತಲೆತಲಾಂತರ ಆದದ್ದೂ ಅದೇ. ಜೊತೆಗೆ ಬೀಜದ ಭತ್ತ ಎತ್ತಿಡುವ ರೈತರ ಕೈಯ ಆಯ್ಕೆಯೂ ಸೇರಿತು.

ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ಪುಸ್ತಕದಿಂದ ಜೀವವಿಕಾಸದ ಭಾಗವನ್ನು 2023ರಲ್ಲಿ ತೆಗೆದರು. ನನಗೆ ಬಹಳ ನೋವಾಯಿತು. ಅನುವಂಶೀಯತೆ ಉಳಿದಿದೆಯಲ್ಲ, ಆ ಬಾಗಿಲಿನಿಂದಲೇ ಒಳಗೆ ಕರೆದೊಯ್ಯುತ್ತೇನೆ. ಬಟಾಣಿ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡಲ್‌ನ 3:1 ಅನುಪಾತವನ್ನು (ಮೂರು ಎತ್ತರದ ಗಿಡಕ್ಕೆ ಒಂದು ಕುಳ್ಳು) ಬರೀ ಚೌಕಗಳಲ್ಲಿ ತೋರಿಸದೆ ಅವನು ಎಣಿಸಿದ ಗಿಡಗಳನ್ನೇ ಬರೆಯುತ್ತೇನೆ: ಎತ್ತರದವು 787, ಕುಳ್ಳಗಿನವು 277. ಮಕ್ಕಳು ಭಾಗಿಸಿದರೆ 2.84 ಬರುತ್ತದೆ. ಲೆಕ್ಕ ತಪ್ಪಿತೆಂದು ಗಾಬರಿಯಾಗುತ್ತಾರೆ. ನೂರು ಸಲ ನಾಣ್ಯ ಚಿಮ್ಮಿಸಿದರೂ ಸರಿಯಾಗಿ ಐವತ್ತು ಸಲವೇ ತಲೆ ಬೀಳುವುದಿಲ್ಲವಲ್ಲ, ಆಗ ಆ ಪಾಠ ತಾನಾಗಿ ಬರುತ್ತದೆ.

ಆ ನಾಲ್ಕು ಮೊಳಕೆಗಳನ್ನು ಎಸೆಯಲು ಹುಡುಗಿಯರು ಬಿಡಲಿಲ್ಲ. ಅವುಗಳ ಬೀಜವೂ ಉಪ್ಪಿನಲ್ಲಿ ಮೊಳೆಯುತ್ತದೆಯೇ ಎಂದು ಕೇಳಿದರು. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ತರಗತಿಯಲ್ಲಿ ಬಂದಿರಲಿಲ್ಲ. ಕಾಳು ದಷ್ಟಪುಷ್ಟವಾಗಿದ್ದರಿಂದ ಮೊಳೆಯಿತೋ, ಗುಣ ವಂಶದಲ್ಲೇ ಇದೆಯೋ ಎಂಬುದನ್ನು ಮುಂದಿನ ಪೀಳಿಗೆಯೇ ಹೇಳಬೇಕು. ಮೆಂಡಲ್ ಕೂಡ ಬಟಾಣಿಯ 34 ತಳಿ ತಂದು, ಗುಣ ಹಾಗೇ ಉಳಿಯುತ್ತದೆಯೇ ಎಂದು ಎರಡು ವರ್ಷ ಬೆಳೆಸಿ ನೋಡಿದ ಮೇಲೆಯೇ ಅಡ್ಡತಳಿಗೆ ಕೈಹಾಕಿದ್ದು.

ನಾಲ್ಕರಲ್ಲಿ ಒಂದು ಸಸಿಯನ್ನು ಬಸವನಹುಳು ತಿಂದಿತು. ಮೂರು ಬಾವಿಕಟ್ಟೆಯ ಪಕ್ಕದ ಬಕೆಟ್ಟಿನಲ್ಲಿವೆ, ಒಂದಕ್ಕೆ ತೆನೆ ಹೊರಟಿದೆ. ಗುಬ್ಬಿಗೆ ಸಿಗದಂತೆ ಹುಡುಗಿಯರು ಹಳೆಯ ಬಲೆಯ ತುಂಡು ಹೊದಿಸಿದ್ದಾರೆ.