ಮಣಿಕಟ್ಟಿನಲ್ಲಿ ಸಿಕ್ಕಿಬಿದ್ದ ನರ: ಅಲ್ಟ್ರಾಸೌಂಡ್‌ನಲ್ಲಿ ಅಳೆಯುವ ಬಗೆ

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ರಾತ್ರಿ ಎದ್ದು ಕೈ ಕೊಡವಿಕೊಂಡರೆ ಹಗುರಾಗುತ್ತದೆ ಎನ್ನುವವರಲ್ಲಿ ಮೊದಲು ನೋಡಬೇಕಾದದ್ದು ಮಣಿಕಟ್ಟಿನ ಕಾರ್ಪಲ್ ಟನೆಲ್ (ಮಣಿಕಟ್ಟಿನೊಳಗಿನ ಇಕ್ಕಟ್ಟಾದ ಸುರಂಗ) ಮೂಲಕ ಹಾಯುವ ಮೀಡಿಯನ್ ನರ. ಒತ್ತಡಕ್ಕೆ ಸಿಕ್ಕ ನರ ಸಾಮಾನ್ಯವಾಗಿ ಆ ಜಾಗಕ್ಕಿಂತ ತುಸು ಹಿಂದೆ, ಮೊಣಕೈ ಕಡೆಗೆ, ಊದಿಕೊಳ್ಳುತ್ತದೆ. ಹುಡುಕುವುದು ಈ ಊತವನ್ನೇ.

12ರಿಂದ 18 ಮೆಗಾಹರ್ಟ್ಸ್‌ನ ಲೀನಿಯರ್ ಪ್ರೋಬ್ (ಚರ್ಮದ ಮೇಲಿಡುವ, ನೇರ ಅಂಚಿನ ಅಲ್ಟ್ರಾಸೌಂಡ್ ಹಿಡಿ) ಬೇಕು. ನರ ಚರ್ಮಕ್ಕೆ ಹತ್ತಿರವೇ ಇರುವುದರಿಂದ ಡೆಪ್ತ್ (ಚಿತ್ರದ ಆಳ) 2 ಸೆಂ.ಮೀ. ಸಾಕು. ಅಂಗೈ ಮೇಲಾಗಿ, ಮಣಿಕಟ್ಟು ನೇರವಾಗಿ, ಬೆರಳು ಸಡಿಲವಾಗಿರಲಿ. ಜೆಲ್ ಧಾರಾಳವಾಗಿ ಹಾಕಿ, ಅಂಗೈ ಬುಡದ ಗೆರೆಯ ಮೇಲೆ ಪ್ರೋಬ್ ಅಡ್ಡ ಇಡಿ. ಒಂದು ಬದಿ ಸ್ಕೇಫಾಯ್ಡ್, ಇನ್ನೊಂದು ಬದಿ ಪೈಸಿಫಾರ್ಮ್ ಮೂಳೆ ಕಂಡರೆ ಟನೆಲ್‌ನ ಬಾಯಿಗೆ ಬಂದಿರಿ.

ತೊಡಕು ಶುರುವಾಗುವುದು ಇಲ್ಲೇ. ನರದ ಪಕ್ಕ, ಕೆಳಗೆ ಎಲ್ಲ ಕಡೆ ಸ್ನಾಯುರಜ್ಜುಗಳು. ಹೊಸಬರು ಅವುಗಳಲ್ಲೊಂದನ್ನು ನರವೆಂದು ಅಳೆದುಬಿಡುತ್ತಾರೆ. ಪ್ರೋಬನ್ನು ಮೆಲ್ಲಗೆ ಹಿಂದೆ ಮುಂದೆ ವಾಲಿಸಿ: ರಜ್ಜುಗಳು ಬೆಳ್ಳಗಿದ್ದವು ಥಟ್ಟನೆ ಕಪ್ಪಾಗುತ್ತವೆ, ಜೇನುಹುಟ್ಟಿನಂತಿರುವ ನರ ಅಷ್ಟು ಬದಲಾಗುವುದಿಲ್ಲ. ಆಮೇಲೂ ಅನುಮಾನವಿದ್ದರೆ ಮುಂದೋಳಿನ ಮಧ್ಯದವರೆಗೆ ಹಿಂಬಾಲಿಸಿ. ರಜ್ಜುಗಳು ಸ್ನಾಯುವಾಗಿ ಹರಡಿಕೊಳ್ಳುತ್ತವೆ, ನರ ನರವಾಗಿಯೇ ಉಳಿಯುತ್ತದೆ.

ಈಗ ಚಿತ್ರ ನಿಲ್ಲಿಸಿ, ನರದ ಸುತ್ತಲಿನ ಬಿಳಿ ಅಂಚಿನ ಒಳಗೆರೆಯಲ್ಲಿ ಟ್ರೇಸ್ ಮಾಡಿ. ಬಿಳಿ ಅಂಚೂ ಸೇರಿದರೆ ಅಳತೆ ಸುಮ್ಮನೆ ಹಿಗ್ಗುತ್ತದೆ. ಪ್ರೋಬ್ ಓರೆಯಾದರೂ ಅದೇ ಗತಿ. ಒತ್ತಿ ಹಿಡಿದರೆ ನರ ಚಪ್ಪಟೆಯಾಗುತ್ತದೆ, ಇಲ್ಲದ ರೋಗ ಕಾಣುತ್ತದೆ.

ಹೀಗೆ ಸಿಕ್ಕ ನರದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 10 ಚದರ ಮಿ.ಮೀ. ದಾಟಿದರೆ ಸಂಶಯ ಪಡಬೇಕು. ಗಡಿ ಸಂಖ್ಯೆ ಒಂದೊಂದು ಲ್ಯಾಬಿನಲ್ಲಿ ಒಂದೊಂದು. ಹಾಗಾಗಿ ಅದೊಂದನ್ನೇ ನೆಚ್ಚಬೇಡಿ. 12 ಸೆಂ.ಮೀ. ಹಿಂದೆ, ಮುಂದೋಳಿನಲ್ಲೂ ಅಳೆದು, ಮಣಿಕಟ್ಟಿನ ಅಳತೆಯನ್ನು ಅದರಿಂದ ಭಾಗಿಸಿ. ಅನುಪಾತ 1.4 ಮೀರಿದರೆ ಊತ ಮಣಿಕಟ್ಟಿನದ್ದೇ ಎನ್ನಲು ಬಲ ಬರುತ್ತದೆ. ಕೆಲವು ಆನುವಂಶಿಕ ನರರೋಗಗಳಲ್ಲಿ ನರ ಉದ್ದಕ್ಕೂ ದಪ್ಪಗಿರುತ್ತದೆ; ಅಲ್ಲಿ ಒಂಟಿ ಅಳತೆ ದಾರಿ ತಪ್ಪಿಸುತ್ತದೆ.

ಕೆಲವರಲ್ಲಿ ನರ ಎರಡಾಗಿ ಸೀಳಿರುತ್ತದೆ. ಆಗ ಎರಡನ್ನೂ ಅಳೆದು ಕೂಡಿಸಿ. ನಡುವೆ ಮಿಡಿಯುವ ಅಪಧಮನಿ ಇದೆಯೇ ಎಂದು ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ನೋಡಿ, ವರದಿಯಲ್ಲಿ ಬರೆಯಿರಿ: ಇಂಜೆಕ್ಷನ್ ಕೊಡುವವರಿಗೂ ಶಸ್ತ್ರಚಿಕಿತ್ಸಕರಿಗೂ ಅದು ಗೊತ್ತಿರಲೇಬೇಕು. ಪ್ರೋಬನ್ನು ಉದ್ದಕ್ಕೆ ತಿರುಗಿಸಿದರೆ ನರ ಕುಗ್ಗಿದ ಜಾಗವೂ ಕಾಣಬಹುದು. ಗ್ಯಾಂಗ್ಲಿಯನ್ (ದ್ರವ ತುಂಬಿದ ಗಂಟು) ಅಥವಾ ಊದಿದ ರಜ್ಜುಪೊರೆ ಒತ್ತುತ್ತಿದ್ದರೆ ಅದೂ ಇಲ್ಲೇ ಸಿಗುತ್ತದೆ.

ಅಲ್ಟ್ರಾಸೌಂಡ್ ತೋರಿಸುವುದು ನರದ ಆಕಾರವನ್ನು, ಕೆಲಸವನ್ನಲ್ಲ. ಅಳತೆ ಸರಿಯಿದ್ದೂ ಜೋಮು ಹೋಗದಿದ್ದರೆ, ಹೆಬ್ಬೆರಳ ಬುಡದ ಸ್ನಾಯು ಸೊರಗಿದ್ದರೆ, ನರವಹನ ಪರೀಕ್ಷೆಗೆ ಕಳಿಸಿ.